ಎಂಟ್ ತಿಂಗಳು ನಿಂತ ಹಳೇ ಸ್ಪ್ಲೆಂಡರ್ ಚಾಲೂ ಆಗಲಕತ್ತಿಲ್ಲ
ಪ್ಲಗ್ ಹೊಸಾದು ಹಾಕೀರಿ, ಹಾರ್ನ್ ಬಡೀತದ, ಆದ್ರೂ ಕಿಕ್ಕಿಗೆ ಎತ್ತಲಕತ್ತಿಲ್ಲ ಅಂದ್ರ ಬಹುತೇಕ ಕಾರ್ಬೊರೇಟರ್ (ಪೆಟ್ರೋಲ್ ಗಾಳಿ ಕಲಸಿ ಇಂಜಿನ್ನಿಗೆ ಕೊಡೂದು) ಕಟ್ಟಿರ್ತದ. ಕಲಬುರಗಿ ಬ್ಯಾಸಗಿ ಬಿಸಿಲಾಗ ಮನಿ ಮುಂದ ನಿಂತ ಗಾಡ್ಯಾಗ ಪೆಟ್ರೋಲ್ ಆರಿ ಬರೇ ಅಂಟು ಉಳೀತದ, ಅದು ಕಾರ್ಬೊರೇಟರ್ ಒಳಗ ಪೆಟ್ರೋಲ್ ಹಾಯೋ ಜೆಟ್ಟಿನ ಸಣ್ಣ ತೂತಿನಾಗ ಕೂತ್ರ ಎಷ್ಟ್ ಕಿಕ್ ಹೊಡದ್ರೂ ಅಷ್ಟೇ.

ಮೊದಲ ಪೆಟ್ರೋಲ್ ಕಾಕ್ ಬಂದ್ ಮಾಡಿ ಕಾರ್ಬೊರೇಟರ್ ಬುಡಕಿನ ಡ್ರೇನ್ ಸ್ಕ್ರೂ ಸಡ್ಲ ಮಾಡ್ರಿ, ಕೆಳಗ ಡಬ್ಬಿ ಹಿಡೀರಿ, ಬೀಡಿ ಸಿಗರೇಟ್ ಹತ್ರ ಬ್ಯಾಡ. ಕಂದು ಬಣ್ಣ, ವಾರ್ನಿಷ್ ವಾಸನಿ ಬಂತಂದ್ರ ಟ್ಯಾಂಕಿಂದೂ ಪೂರಾ ಖಾಲಿ ಮಾಡಿ ಒಂದ್ ಲೀಟರ್ ಹೊಸಾದು ಹಾಕ್ರಿ, ಹಳೇದರ ಮ್ಯಾಲೇ ಸುರಿಬ್ಯಾಡ್ರಿ. ಸ್ಕ್ರೂ ಬಿಗಿ ಮಾಡಿ, ಕಾಕ್ ತೆರೆದು ಎರಡ್ ನಿಮಿಷ ಬಿಟ್ಟು, ಚೋಕ್ ಎಳದು, ಎಕ್ಸಲೇಟರ್ ಮುಟ್ಟದಂಗ ಕಿಕ್ ಹೊಡೀರಿ.

ಆಗ್ಲಿಲ್ಲಂದ್ರ ಪ್ಲಗ್ ಬಿಚ್ಚಿ ನೋಡ್ರಿ. ಒಣಾ ಇದ್ರ ಪೆಟ್ರೋಲೇ ಬರಲಕತ್ತಿಲ್ಲ, ಜೆಟ್ ತಗದು ಕಾರ್ಬ್ ಕ್ಲೀನರ್ ಹೊಡೀರಿ, ತಂತಿ ಮಾತ್ರ ಚುಚ್ಚಬ್ಯಾಡ್ರಿ, ತೂತ ದೊಡ್ಡದಾಗಿ ಆಮ್ಯಾಲ ಆವರೇಜ್ ಹೋಗ್ತದ. ಏರ್ ಫಿಲ್ಟರ್ ಡಬ್ಬಿನೂ ತಗೀರಿ, ನಿಂತ ಗಾಡ್ಯಾಗ ಇಲಿ ಅರಿವಿ ಚೂರು ತುಂಬಿರ್ತಾವ. ಪ್ಲಗ್ ತೊಯ್ದಿದ್ರ ಒರಸಿ ಹಾಕಿ, ಚೋಕ್ ಬಂದ್ ಮಾಡಿ, ಎಕ್ಸಲೇಟರ್ ಪೂರಾ ತಿರುವಿ ಕಿಕ್ ಹೊಡೀರಿ. ಅದಕ್ಕೂ ಎತ್ತಲಿಲ್ಲಂದ್ರ ಕಿಡಿ ತಕರಾರು ಇರಬಹುದು, ಪ್ಲಗ್ಗಿಗೆ ಕಿಡಿ ಕರೆಂಟ್ ಕೊಡೋ ಇಗ್ನಿಷನ್ ಕಾಯಿಲ್ ಹೋಗ್ಯದಾ, ಇಲ್ಲಾ ಕಿಡಿ ಟೈಮಿಗೆ ಬಿಡೋ ಸಿಡಿಐ ಡಬ್ಬಿ ಹೋಗ್ಯದಾ ಅಂತ ಇಲ್ಲಿ ಕುಂತು ಹೇಳ್ಲಿಕ್ಕ ಆಗಲ್ಲ, ಮೆಕ್ಯಾನಿಕ್ ಕಡೆ ತಳ್ಕೊಂಡು ಹೋಗಿ ಮೊದಲ ಕಿಡಿ ಚೆಕ್ ಮಾಡು ಅನ್ರಿ.