27 ಎಂದು ಬರೆದ ಹರಳು 9 ತೋರಿಸುವುದೇಕೆ?

ಪ್ರಶ್ನೆ: ಕ್ವಾರ್ಟ್ಜ್ ಹರಳಿನ (ಕ್ರಿಸ್ಟಲ್) ಆವರ್ತನವನ್ನು, ಅಂದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದನ್ನು ಅಳೆಯುವ, ಕಡಿಮೆ ಬೆಲೆಯ ಕ್ರಿಸ್ಟಲ್ ಟೆಸ್ಟರ್ ಕಿಟ್ ತರಿಸಿ, ನಾನೇ ಬೆಸುಗೆ ಹಾಕಿ ಜೋಡಿಸಿದ್ದೇನೆ. 8 ಮೆಗಾಹರ್ಟ್ಸ್ ಹರಳನ್ನು ಸರಿಯಾಗಿ ತೋರಿಸುವ ಅದು, 27 ಎಂದು ಮುದ್ರಿಸಿದ ಹರಳಿಗೆ 9ರ ಆಸುಪಾಸು ತೋರಿಸುತ್ತದೆ. ಅದರ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಪುಟ್ಟ ಕೆಪಾಸಿಟರ್) ತಿರುಗಿಸಿದರೂ ಫಲವಿಲ್ಲ. ಕಿಟ್ ಕೆಟ್ಟಿದೆಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಕಿಟ್ ಕೆಟ್ಟಿಲ್ಲ, ಅದು ಹರಳಿನ ನಿಜವಾದ ಮೂಲ ಕಂಪನವನ್ನೇ ಹೇಳುತ್ತಿದೆ. ಕ್ವಾರ್ಟ್ಜ್ ಬಿಲ್ಲೆ ತೆಳುವಾದಷ್ಟೂ ಆವರ್ತನ ಹೆಚ್ಚುತ್ತದೆಯಾದರೂ ಅತಿ ತೆಳುವಾದ ಬಿಲ್ಲೆ ಸುಲಭವಾಗಿ ಮುರಿಯುವುದರಿಂದ, ಇಂತಹ ಹರಳುಗಳನ್ನು ಸುಮಾರು 9 ಮೆಗಾಹರ್ಟ್ಸ್‌ಗೆ ತಯಾರಿಸಿ, ಅದರ ಮೂರನೆಯ ಮೇಲ್ಸ್ವರದಲ್ಲಿ (ಓವರ್‌ಟೋನ್), ಅಂದರೆ ಸುಮಾರು ಮೂರು ಪಟ್ಟು ಆವರ್ತನದಲ್ಲಿ, ದುಡಿಸಿಕೊಳ್ಳುತ್ತಾರೆ. ಅದಕ್ಕೆ ಸುರುಳಿ ಮತ್ತು ಕೆಪಾಸಿಟರ್‌ಗಳ ಶ್ರುತಿ ಮಂಡಲ (ಬೇಕಾದ ಆವರ್ತನವನ್ನಷ್ಟೇ ಆರಿಸಿಕೊಳ್ಳುವ ಟ್ಯೂನ್ಡ್ ಸರ್ಕ್ಯೂಟ್) ಬೇಕು. ನಿಮ್ಮ ಕಿಟ್‌ನ ಸರಳ ಆಸಿಲೇಟರಿನಲ್ಲಿ (ಹರಳನ್ನು ಮಿಡಿಸುವ ಮಂಡಲದಲ್ಲಿ) ಅದಿಲ್ಲ. ಹಾಗೆಯೇ, ಆವರ್ತನ ತೀರಾ ಕಡಿಮೆಯಿರುವ ಕೈಗಡಿಯಾರದ 32.768 ಕಿಲೋಹರ್ಟ್ಸ್ ಹರಳು ಇದರಲ್ಲಿ ಮಿಡಿಯದಿದ್ದರೂ ಗಾಬರಿಯಾಗಬೇಡಿ.

ಟ್ರಿಮ್ಮರ್ ತಿರುಗಿಸಿದ್ದು ಮಾತ್ರ ತಪ್ಪಾಯಿತು. ಅದು ಕಂಪನಗಳ ಎಣಿಕೆಗೆ ಆಧಾರವಾದ, ಕಿಟ್‌ನೊಳಗಿನ 20 ಮೆಗಾಹರ್ಟ್ಸ್ ಹರಳನ್ನು ಕೂದಲೆಳೆಯಷ್ಟು ಸರಿಹೊಂದಿಸುವ ಭಾಗ. ಬಿಡಿ ಹರಳಿನ ಆವರ್ತನ ಅದಕ್ಕೆ ಜೋಡಿಸಿದ ಕೆಪಾಸಿಟರನ್ನು ಅವಲಂಬಿಸಿ ತುಸು ಸರಿಯುವುದರಿಂದ, ಅದರ ಮೇಲಿನ ಬರಹವನ್ನು ಅಳತೆಗೋಲಾಗಿ ನಂಬದೆ, ತಾಪ ಸರಿದೂಗಿಸಿದ (ತಾಪ ಬದಲಾದರೂ ಆವರ್ತನ ಹೆಚ್ಚು ಸರಿಯದ) 10 ಮೆಗಾಹರ್ಟ್ಸ್ ಆಸಿಲೇಟರಿನ ಸಂಕೇತವನ್ನು ಕಿಟ್‌ನ ಕೌಂಟರಿಗೆ (ಎಣಿಸುವ ಭಾಗಕ್ಕೆ) ಕೊಟ್ಟು ಟ್ರಿಮ್ಮರನ್ನು ಮತ್ತೆ ಹೊಂದಿಸಿ.