ಸೆಂಟು, ಅತ್ತರು ಮತ್ತು ನಮ್ಮೂರ ಬಿಸಿಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪಿಯುಸಿ ಓದುವಾಗ ಎಲ್ಲರ ಮೈಮೇಲೂ ನಿಂಬೆ, ಸೋಪಿನಂಥ ಘಮ ಇರುತ್ತಿತ್ತು. ಈಗ ಡಿಗ್ರಿ ಕಾಲೇಜಿನಲ್ಲಿ ಯಾರ ಪಕ್ಕ ಕೂತರೂ ವೆನಿಲ್ಲಾ, ಕಾಸಿದ ಸಕ್ಕರೆ. ಇದು ಎಲ್ಲಿಂದ ಬಂತು? ಏಪ್ರಿಲ್ ಬಿಸಿಲಿಗೆ ಇಂಥದ್ದು ಹಾಕಬಹುದೇ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸಿಹಿ ಸೆಂಟಿಗೆ ಮೂವತ್ತು ವರ್ಷ ದಾಟಿದೆ. 1992ರಲ್ಲಿ ಥಿಯರಿ ಮ್ಯೂಗ್ಲರ್ ಸಂಸ್ಥೆಯ 'ಏಂಜೆಲ್' ಬಂದಾಗ ಅದರಲ್ಲಿ ಪಚೋಲಿ (ಪಚ್ಚೆತೆನೆ) ಎಣ್ಣೆಯ ಜೊತೆ ಈಥೈಲ್ ಮಾಲ್ಟೋಲ್ ಧಾರಾಳವಾಗಿತ್ತು. ಕಾಸಿದ ಸಕ್ಕರೆಯ ವಾಸನೆ ಕೊಡುವ ವಸ್ತು ಅದೇ. ಆದರೆ ಆ ದಶಕದಲ್ಲಿ ಗೆದ್ದದ್ದು ತಣ್ಣನೆಯ, ತೊಳೆದಂಥ ಘಮ: 1994ರ 'ಸಿಕೆ ಒನ್', 1996ರ 'ಆಕ್ವಾ ಡಿ ಜಿಯೊ'. ಕಡಲ ಗಾಳಿಯನ್ನೂ ಕರಬೂಜವನ್ನೂ ನೆನಪಿಸುವ ಕ್ಯಾಲೋನ್ ಎಂಬ ರಾಸಾಯನಿಕದ ಬಳಕೆ ಆಗ ಹೆಚ್ಚಿತು. ನೀವು ಹೇಳುವ ಸೋಪಿನ ಘಮ ಆ ವಂಶದ್ದೇ. 2015ರಲ್ಲಿ ಕೇಸರಿ, ಸುಟ್ಟ ಸಕ್ಕರೆ, ಆಂಬ್ರಾಕ್ಸಾನ್ ಎಂಬ ಸುಗಂಧ ರಾಸಾಯನಿಕ ಸೇರಿದ 'ಬಕರಾ ರೂಜ್ 540' ಬಂದ ಮೇಲೆ ಸಿಹಿ ಮತ್ತೆ ಮೇಲೆದ್ದಿತು. ಅದರ ಬೆಲೆ ನಮ್ಮ ಕೈಗೆಟುಕದ್ದು, ಅನುಕರಣೆಗಳು ಮಾತ್ರ ಕೆಲವು ನೂರು ರೂಪಾಯಿಗೂ ಸಿಗುತ್ತವೆ. ದುಬೈ ಕಡೆಯ ತಯಾರಕರು ಇದಕ್ಕೆ ಖರ್ಜೂರ, ದಾಲ್ಚಿನ್ನಿ, ಊದ್ (ಅಗರು) ಸೇರಿಸಿದರು. ನಿಮ್ಮ ಪಕ್ಕದ ಬೆಂಚಿಗೆ ಬಂದಿರುವುದು ಅದೇ ಅಲೆ.

ಬಿಸಿಲಲ್ಲಿ ಹಾಕಬಹುದು, ಅಳತೆ ತಗ್ಗಿಸಿ. ಮೈ ಬಿಸಿಯಾದಷ್ಟೂ ಪರಿಮಳ ಬೇಗ ಹಾರುತ್ತದೆ, ಒಮ್ಮೆಗೇ ಜಾಸ್ತಿ ಹೊಮ್ಮುತ್ತದೆ. ಚಳಿಗಾಲದಲ್ಲಿ ನಾಲ್ಕು ಸ್ಪ್ರೇ ಹೊಡೆಯುವವರಿಗೆ ಏಪ್ರಿಲ್‌ನಲ್ಲಿ ಒಂದೇ ಸಾಕು, ಅದೂ ಕುತ್ತಿಗೆಗಲ್ಲ, ಎದೆಗೆ, ಬಟ್ಟೆಯ ಒಳಗೆ. ತುಂಬಿದ ಸಿಟಿ ಬಸ್ಸಿನಲ್ಲಿ ಸಿಹಿ ಘಮ ಪಕ್ಕದವರಿಗೆ ತಲೆನೋವು ತರುತ್ತದೆ, ಇದನ್ನು ದಯವಿಟ್ಟು ಗಮನದಲ್ಲಿಡಿ. ನಮ್ಮ ಸಲಹೆ ಕೇಳಿದರೆ ವೆನಿಲ್ಲಾದ ಜೊತೆ ಏಲಕ್ಕಿ, ಶುಂಠಿ ಅಥವಾ ಲಾವಂಚ ಇರುವುದನ್ನು ಆರಿಸಿ. ಲಾವಂಚದ ಒಣ, ಮಣ್ಣಿನ ಗುಣ ಸಿಹಿಯನ್ನು ಹದಕ್ಕೆ ತರುತ್ತದೆ.

ಪ್ರಶ್ನೆ: ಎರಡು ಸಾವಿರ ಕೊಟ್ಟು 'ಓ ದ ಪರ್ಫ್ಯೂಮ್' ತಗೊಂಡೆ. ಬೆಳಿಗ್ಗೆ ಒಂಬತ್ತಕ್ಕೆ ಹಾಕಿದರೆ ಹನ್ನೊಂದಕ್ಕೆ ಏನೂ ಇಲ್ಲ. ಮೋಸ ಹೋದೆನೇ?
– ಬಟ್ಟೆ ಅಂಗಡಿ ನೌಕರ, ಚಿತ್ರದುರ್ಗ

ಉತ್ತರ: ಮೊದಲು ಪರಿಮಳ ಹೋಗಿದೆಯೋ, ನಿಮ್ಮ ಮೂಗು ಅದಕ್ಕೆ ಒಗ್ಗಿದೆಯೋ ನೋಡಬೇಕು. ಒಂದೇ ವಾಸನೆ ಸತತವಾಗಿ ಬರುತ್ತಿದ್ದರೆ ಮೂಗು ಅದನ್ನು ಗಣನೆಗೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಆಂಬ್ರಾಕ್ಸಾನ್, ಐಸೊ ಇ ಸೂಪರ್‌ನಂಥ ಈಗಿನ ಸುಗಂಧ ರಾಸಾಯನಿಕಗಳಲ್ಲಿ ಈ ತೊಂದರೆ ಹೆಚ್ಚು. ಹಾಕಿಕೊಂಡವರಿಗೆ ಗೊತ್ತಾಗದೆ ಎದುರಿಗಿದ್ದವರಿಗೆ ಗೊತ್ತಾಗುತ್ತಿರುತ್ತದೆ. ಬೆಳಿಗ್ಗೆ ಒಂದು ಸ್ಪ್ರೇ ಹತ್ತಿಯ ಕರ್ಚೀಫಿಗೂ ಹೊಡೆದು ಮನೆಯಲ್ಲೇ ಬಿಟ್ಟು ಹೋಗಿ. ರಾತ್ರಿ ಬಂದು ಮೂಸಿದಾಗ ಘಮ ಇದ್ದರೆ ಸೆಂಟು ಸರಿ ಇದೆ.

ಕರ್ಚೀಫಿನಲ್ಲಿ ಉಳಿದು ಮೈಮೇಲೆ ಉಳಿಯದಿದ್ದರೆ ಕಾರಣ ಒಣ ಚರ್ಮ ಇರಬಹುದು. ದುರ್ಗದ ಒಣಗಾಳಿಗೆ ಚರ್ಮದ ಜಿಡ್ಡು, ತೇವ ಎರಡೂ ಹೋಗಿ ಪರಿಮಳಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಸ್ನಾನವಾದ ಐದು ನಿಮಿಷದೊಳಗೆ, ಮೈ ಪೂರ್ತಿ ಆರುವ ಮುಂಚೆ, ಕಡಲೆಕಾಳಿನಷ್ಟು ವ್ಯಾಸಲೀನ್ ಎದೆಗೆ, ಮೊಣಕೈ ಒಳಮಡಿಕೆಗೆ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಅದಕ್ಕೆ ತನ್ನದೇ ವಾಸನೆ ಇದೆ. ಎರಡು ನಿಮಿಷ ಬಿಟ್ಟು ಒಂದು ಗೇಣು ದೂರದಿಂದ ಎದೆಗೆ ಎರಡು, ಕುತ್ತಿಗೆಯ ಹಿಂದೆ ಒಂದು, ಅಂಗಿ ಕಾಲರಿನ ಒಳಬದಿಗೆ ಒಂದು ಸ್ಪ್ರೇ ಮಾಡಿ. ಮಣಿಕಟ್ಟು ಉಜ್ಜಬೇಡಿ, ಉಜ್ಜಿದ ಬಿಸಿಗೆ ಮೇಲಿನ ಹಗುರ ಘಮ ಬೇಗ ಹೋಗುತ್ತದೆ, ಸೆಂಟು ಕೈಗೂ ಬಟ್ಟೆಗೂ ಒರೆಸಿಹೋಗುತ್ತದೆ.

ಇನ್ನು ಹೆಸರಿನ ಮಾತು. ಸಾಮಾನ್ಯವಾಗಿ ಕೊಲೋನ್‌ನಲ್ಲಿ ಸುಗಂಧದ ಪಾಲು ಶೇ. 2–5, ಓ ದ ಟಾಯ್ಲೆಟ್‌ನಲ್ಲಿ 5–15, ಓ ದ ಪರ್ಫ್ಯೂಮ್‌ನಲ್ಲಿ 15–20. ಉಳಿದದ್ದು ಬಹುಪಾಲು ಆಲ್ಕೋಹಾಲು. ಆದರೆ ಬಾಳಿಕೆಯನ್ನು ಪ್ರಮಾಣವೊಂದೇ ತೀರ್ಮಾನಿಸುವುದಿಲ್ಲ. ಕಿತ್ತಳೆ, ನಿಂಬೆ, ಬರ್ಗಮಾಟ್ ಅಣುಗಳು ಹಗುರ. ಎಷ್ಟು ಸುರಿದರೂ ಅರ್ಧ ಗಂಟೆಯಲ್ಲಿ ಮಂಕಾಗುತ್ತವೆ. ಗಂಧ, ವೆನಿಲ್ಲಾ, ಕಸ್ತೂರಿ ಬಗೆಯವು ಭಾರ, ದಿನವಿಡೀ ಕೂರುತ್ತವೆ. ನಿಮ್ಮದು ನಿಂಬೆ ಬಗೆಯದ್ದಾಗಿದ್ದರೆ ಮೋಸವೇನಿಲ್ಲ, ಅದರ ಗುಣವೇ ಅಷ್ಟು. 5 ಎಂ.ಎಲ್.ನ ಪುಟ್ಟ ಬಾಟ್ಲಿಗೆ ತುಂಬಿಸಿ ಜೇಬಿನಲ್ಲಿಟ್ಟು ಮಧ್ಯಾಹ್ನ ಇನ್ನೊಮ್ಮೆ ಹಾಕಿಕೊಳ್ಳಿ. ಬೈಕಿನ ಡಿಕ್ಕಿಯಲ್ಲಿ ಮಾತ್ರ ಬಿಡಬೇಡಿ. ಆ ಕಾವಿಗೆ ನಿಂಬೆ ಎಣ್ಣೆಗಳು ಕೆಟ್ಟು ಹುಳಿ, ಕಮಟು ವಾಸನೆ ಬರುತ್ತದೆ. ಕಿಟಕಿಯ ಹತ್ತಿರವೂ ಬೇಡ, ಬೀರುವಿನೊಳಗೆ ಡಬ್ಬದ ಸಮೇತ ಇಡಿ.

ಪ್ರಶ್ನೆ: ಅಂಗಡಿಯಲ್ಲಿ ಚೆನ್ನಾಗಿತ್ತು ಅಂತ ತಂದದ್ದು ಮನೆಗೆ ಬಂದ ಮೇಲೆ ಬೇರೆ ಥರ ಆಗುತ್ತದೆ. ಏಕೆ?
– ಶಿಕ್ಷಕಿ, ಹರಿಹರ

ಉತ್ತರ: ಅಂಗಡಿಯಲ್ಲಿ ನೀವು ಮೂಸುವುದು ಮೊದಲ ಹತ್ತು ನಿಮಿಷದ ಘಮ. ಕೊಳ್ಳುವವರನ್ನು ಒಲಿಸಲೆಂದೇ ಆ ಭಾಗವನ್ನು ಚೆಲುವಾಗಿ ಕಟ್ಟಿರುತ್ತಾರೆ. ನೀವು ದಿನವಿಡೀ ಬಾಳಬೇಕಾದ್ದು ಕೊನೆಯವರೆಗೆ ಉಳಿಯುವ ತಳದ ಪರಿಮಳದ ಜೊತೆ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ನೋಡಬೇಡಿ. ಎರಡನ್ನು ಕಾಗದದ ಪಟ್ಟಿಗೆ, ಮನಸ್ಸಿಗೆ ಹಿಡಿದ ಒಂದನ್ನು ಮಣಿಕಟ್ಟಿಗೆ ಹಾಕಿಸಿಕೊಂಡು ಹೊರಗೆ ಬನ್ನಿ. ಬೇರೆ ಕೆಲಸ ಮುಗಿಸಿ ಮೂರು ಗಂಟೆಯ ನಂತರ ಮೂಸಿ ನೋಡಿ, ಆಮೇಲೆ ದುಡ್ಡು ಕೊಡಿ. ನಡುವೆ ಮೂಸಲು ಕಾಫಿ ಬೀಜ ಕೊಡುತ್ತಾರೆ. ಅದಕ್ಕೆ ವಿಶೇಷ ಶಕ್ತಿಯೇನಿಲ್ಲ, ಬಾಗಿಲ ಬಳಿಯ ಗಾಳಿ ಸಾಕು.

ಪ್ರಶ್ನೆ: ಮಣ್ಣಿನ ಅತ್ತರು, ಊದ್ ಅತ್ತರು ನೂರೈವತ್ತು ರೂಪಾಯಿಗೆ ಸಿಗುತ್ತಿದೆ. ಅಸಲಿಯೇ? ಇದನ್ನು ಸ್ಪ್ರೇ ಮಾಡಿಕೊಳ್ಳಬಹುದೇ?
– ಓದುಗರು, ಹಳೇ ದಾವಣಗೆರೆ

ಉತ್ತರ: ಆ ಬೆಲೆಗೆ ಅಸಲಿ ಸಾಧ್ಯವಿಲ್ಲ. ಮಣ್ಣಿನ ಅತ್ತರು ಉತ್ತರ ಪ್ರದೇಶದ ಕನೌಜಿನದು. ಸುಟ್ಟ ಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕುದಿಸಿ, ಆ ಹಬೆಯನ್ನು ಗಂಧದೆಣ್ಣೆಗೆ ಹಿಡಿಸುತ್ತಾರೆ. ಮೊದಲ ಮಳೆಯ ಘಮ ಬಾಟ್ಲಿಗೆ ಬರುವುದು ಹಾಗೆ. ಗಂಧದೆಣ್ಣೆಯ ದರವೇ ಆ ಬೆಲೆಯನ್ನು ಮೀರುತ್ತದೆ. ಊದ್ ಸಿಗುವುದು ಅಸ್ಸಾಂ ಕಡೆಯ ಅಗರು ಮರಕ್ಕೆ ಶಿಲೀಂಧ್ರ ತಗುಲಿ ಒಳಗೆ ಕಪ್ಪು ರಾಳ ಕಟ್ಟಿದಾಗ ಮಾತ್ರ, ಅದು ಇನ್ನೂ ದುಬಾರಿ. ನಿಮಗೆ ಸಿಕ್ಕಿದ್ದು ಕೃತಕ ಸುಗಂಧ. ಘಮ ಇಷ್ಟವಾದರೆ ಬಳಸಲು ಅಡ್ಡಿಯಿಲ್ಲ, ಅಸಲಿಯ ಬೆಲೆ ಮಾತ್ರ ಕೊಡಬೇಡಿ.

ಸ್ಪ್ರೇ ಮಾಡಲು 10 ಎಂ.ಎಲ್. ಗಾಜಿನ ಬಾಟ್ಲಿಯಲ್ಲಿ 2 ಎಂ.ಎಲ್. ಅತ್ತರಿಗೆ 8 ಎಂ.ಎಲ್. ಪರ್ಫ್ಯೂಮರ್ಸ್ ಆಲ್ಕೋಹಾಲ್ (ಸೆಂಟು ತಯಾರಿಕೆಗೆ ಬಳಸುವ ಆಲ್ಕೋಹಾಲು) ಬೆರೆಸಿ, ಕುಲುಕಿ, ಕತ್ತಲಲ್ಲಿ ಎರಡು ವಾರ ಇಡಿ. ಬೆರೆಸಿದ ದಿನ ಆಲ್ಕೋಹಾಲಿನ ಘಾಟು ಮುಂದಿರುತ್ತದೆ, ಆಮೇಲೆ ಹದವಾಗುತ್ತದೆ. ಇಡೀ ಬಾಟ್ಲಿ ಮಾಡುವ ಮೊದಲು ಎರಡು ಹನಿ ಅತ್ತರನ್ನು ಎಂಟು ಹನಿ ಆಲ್ಕೋಹಾಲಿಗೆ ಹಾಕಿ ನೋಡಿ. ಬೆಳ್ಳಗಾಗಿ ಎಣ್ಣೆ ಬೇರೆ ನಿಂತರೆ ಅದರಲ್ಲಿ ಪ್ಯಾರಾಫಿನ್‌ನಂಥ ಎಣ್ಣೆ ಇದೆ. ಅದು ಆಲ್ಕೋಹಾಲಿನಲ್ಲಿ ಕರಗುವುದಿಲ್ಲ, ಪಂಪೂ ಕಟ್ಟಿಕೊಳ್ಳುತ್ತದೆ. ಗಂಧದೆಣ್ಣೆಯಾದರೆ ತಿಳಿಯಾಗಿ ಕರಗುತ್ತದೆ. ಸ್ಯಾನಿಟೈಸರ್ ಬಳಸಬೇಡಿ, ಅದರ ಗ್ಲಿಸರಿನ್ ಅಂಟಂಟಾಗುತ್ತದೆ. ಒಲೆ, ದೀಪದ ಹತ್ತಿರ ಈ ಕೆಲಸ ಬೇಡ.

ಪ್ರಶ್ನೆ: ಮದುವೆಗೆ ಹೋಗುವಾಗ ರೇಷ್ಮೆ ಸೀರೆ ಮೇಲೆ ಸೆಂಟು ಹಾಕಬಹುದೇ?
– ಗೃಹಿಣಿ, ಹೊಳಲ್ಕೆರೆ

ಉತ್ತರ: ಬೇಡ. ರೇಷ್ಮೆಯ ಮೇಲೆ ಕಲೆ ಕೂರುತ್ತದೆ, ಜರಿ ಕಪ್ಪಾಗಬಹುದು. ಸೀರೆ ಉಡುವ ಹತ್ತು ನಿಮಿಷ ಮುಂಚೆ ಮೈಗೆ ಹಾಕಿ, ಪೂರ್ತಿ ಆರಿದ ಮೇಲೆ ಉಡಿ. ಮುಡಿಯಲ್ಲಿ ಮಲ್ಲಿಗೆ, ದವನ ಇದ್ದರೆ ಸಿಹಿ ಸೆಂಟು ಅದರೊಂದಿಗೆ ಕಿತ್ತಾಡುತ್ತದೆ. ಗಂಧದ ಅತ್ತರು ಒಂದು ಹನಿ ಕಿವಿಯ ಹಿಂದೆ ಸಾಕು. ಹೊಸ ಅತ್ತರಾದರೆ ಹಿಂದಿನ ದಿನವೇ ಮೊಣಕೈ ಒಳಗೆ ಹಚ್ಚಿ ನೋಡಿ. ಕೆಂಪಾದರೆ, ತುರಿಕೆ ಬಂದರೆ ಅದನ್ನು ಬಟ್ಟೆಗೂ ಬಳಸದೆ ಬಿಟ್ಟುಬಿಡಿ.