ಲಾಸ್ ಏಂಜಲೀಸ್ ಕೌಂಟಿಯ ಸರ್ಕಾರಿ ಟೆಂಡರ್ ಸಣ್ಣ ಕಂಪನಿಗೆ ಸಿಗೋದು ಹೇಗೆ?

ಮೊದಲು ಕೌಂಟಿಯ ವೆಂಡರ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ನೀವು ಮಾರುವ ಸಾಮಾನು, ಸೇವೆಗಳ ಕೋಡ್‌ಗಳನ್ನು ಹುಷಾರಾಗಿ ಆರಿಸಿ. ಕೋಡ್ ತಪ್ಪಿದರೆ ನಿಮಗೆ ಹೊಂದುವ ಟೆಂಡರ್ ಕರೆದಾಗ ಸುದ್ದಿಯೇ ಬರೋದಿಲ್ಲ.

ಸುಮಾರು ಜನ ಬಿಟ್ಟುಬಿಡೋದು ಸ್ಥಳೀಯ ಸಣ್ಣ ಉದ್ಯಮದ ಸರ್ಟಿಫಿಕೇಟನ್ನು. ಮುಖ್ಯ ಕಚೇರಿ ಕೌಂಟಿಯೊಳಗೇ ಇದ್ದರೆ ಖಂಡಿತ ಅರ್ಜಿ ಹಾಕಿ. ಆ ಸರ್ಟಿಫಿಕೇಟ್ ಇದ್ದರೆ, ಬಿಡ್‌ಗಳನ್ನು ಹೋಲಿಸುವಾಗ ನಿಮ್ಮ ಬೆಲೆಗೆ 15% ವರೆಗೆ ರಿಯಾಯಿತಿ ಹಿಡಿಯುತ್ತಾರೆ. ಗೆದ್ದರೆ ಕೈಗೆ ಬರೋದು ಮಾತ್ರ ನೀವು ಕೋಟ್ ಮಾಡಿದ ಪೂರ್ತಿ ಹಣ! ಸಣ್ಣವರಿಗೆ ಇದು ದೊಡ್ಡ ಬಲ.

ರೇಟ್ ಸುಮ್ನೆ ಊಹಿಸಬೇಡಿ. ಹಿಂದಿನ ಸಲ ಯಾರು, ಎಷ್ಟಕ್ಕೆ ಗೆದ್ದರು ಅಂತ ಕ್ಯಾಲಿಫೋರ್ನಿಯಾದ ಸಾರ್ವಜನಿಕ ದಾಖಲೆ ಕಾಯ್ದೆಯಡಿ ಕೇಳಬಹುದು. ಟೆಂಡರ್‌ನಲ್ಲಿ ಪೂರ್ವಭಾವಿ ಸಭೆ ಕಡ್ಡಾಯ ಅಂತಿದ್ದರೆ ತಪ್ಪಿಸಲೇಬೇಡಿ. ಹೋಗದಿದ್ದರೆ ಬಿಡ್ ತಿರಸ್ಕಾರವಾಗಬಹುದು.